ಬೆಳಗಿನವರೆಗೂ ಜಾಗ ಗೊತ್ತುಮಾಡದೆ ಖಗ್ರಾಸ ಗ್ರಹಣ ನೋಡಿ ಬಂದೆವು

2024ರ ಏಪ್ರಿಲ್ 8ರ ಖಗ್ರಾಸ ಸೂರ್ಯಗ್ರಹಣ ನೋಡಲು ನಾವು ಕಾರಿನಲ್ಲಿ ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯಕ್ಕೆ ಹೋಗಿ ಬಂದೆವು. ಆಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು, "ಅಷ್ಟು ಒಳ್ಳೆ ಜಾಗ ಹೇಗೆ ಹುಡುಕಿದ್ರಿ?" ಆ ಜಾಗ ಯಾವುದು ಅಂತ ಗ್ರಹಣದ ದಿನ ಬೆಳಿಗ್ಗೆ ಎದ್ದಾಗ ನಮಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಆಕಾಶ ನೋಡಿ ಗೊತ್ತುಮಾಡೋಣ ಅಂತಲೇ ಇಡೀ ಯೋಜನೆ ಹಾಕಿದ್ದೆವು. ಗ್ರಹಣಕ್ಕೆ ಕಾರಿನಲ್ಲಿ ಹೋಗುವವರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹೇಗೆ ಮಾಡಿದೆವು ಅಂತ ಬಿಡಿಸಿ ಬರೆಯುತ್ತೇನೆ.

ನಾವಿರುವುದು ಬೋಸ್ಟನ್ ಹತ್ತಿರ. ಅಲ್ಲೇ ಮನೆ ಮುಂದೆ ನಿಂತಿದ್ದರೂ ಅವತ್ತು ಸೂರ್ಯ 90 ಶೇಕಡಕ್ಕಿಂತ ಜಾಸ್ತಿ ಮುಚ್ಚುತ್ತಿದ್ದ. "ಅಷ್ಟು ಸಾಲದಾ? ಉಳಿದ ಚೂರಿಗೋಸ್ಕರ ಅಷ್ಟು ದೂರ ಹೋಗಬೇಕಾ?" ಅಂತ ಹೆಂಡತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ಸೂರ್ಯನ ಸುತ್ತ ಹರಡಿಕೊಂಡಿರುವ ಬಿಸಿ ಅನಿಲದ ಹೊರಪದರಕ್ಕೆ ಕರೋನಾ ಅನ್ನುತ್ತಾರಲ್ಲ, ಅದರ ಬೆಳಕು ಎಲ್ಲ ಸೇರಿಸಿದರೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು. ಅಂದರೆ ಸೂರ್ಯ ನೂರರಲ್ಲಿ ಒಂದು ಪಾಲು ಉಳಿದಿದ್ದರೂ ಅದು ಕರೋನಾಕ್ಕಿಂತ ಸಾವಿರಾರು ಪಟ್ಟು ಜೋರಾಗಿರುತ್ತದೆ, ಕರೋನಾ ಕಣ್ಣಿಗೆ ಬೀಳುವುದೇ ಇಲ್ಲ, ಕತ್ತಲೆಯೂ ಆಗುವುದಿಲ್ಲ. 2017ರ ಆಗಸ್ಟ್ 21ರ ಗ್ರಹಣವನ್ನು ನಾವು ಇಲ್ಲಿಂದಲೇ ಪಾರ್ಶ್ವ ಗ್ರಹಣವಾಗಿ ನೋಡಿದ್ದೆವು. ಗ್ರಹಣದ ಕನ್ನಡಕದಲ್ಲಿ ಕಚ್ಚಿದ ಬಿಸ್ಕತ್ತಿನ ಹಾಗೆ ಸೂರ್ಯ ಕಂಡಿದ್ದ, ಚೆನ್ನಾಗಿತ್ತು, ಆದರೆ ಕನ್ನಡಕ ತೆಗೆದರೆ ಅದು ಮಾಮೂಲಿ ಬಿಸಿಲಿನ ದಿನ. 99 ಶೇಕಡಕ್ಕೂ 100ಕ್ಕೂ ನಡುವೆ ಇರುವುದು ಒಂದು ಶೇಕಡದ ವ್ಯತ್ಯಾಸ ಅಲ್ಲವೇ ಅಲ್ಲ. ಇಷ್ಟು ಹೇಳಿದ ಮೇಲೆ ಅವಳು, "ಹಾಗಾದ್ರೆ ಹೋಗೋಣ, ಈ ಸಲ ಬಿಟ್ರೆ ಮುಂದೆ ಯಾವಾಗ?" ಅಂದಳು. ಅಮೆರಿಕದ ಮುಖ್ಯ ನೆಲದ ಮೇಲೆ ಮುಂದಿನ ಖಗ್ರಾಸ 2044ರ ಆಗಸ್ಟ್‌ಗೆ. ಮಾತು ಅಲ್ಲಿಗೆ ಮುಗಿಯಿತು.

ಸೂರ್ಯ ಪೂರ್ತಿ ಮುಚ್ಚುವುದು ಚಂದ್ರನ ದಟ್ಟ ನೆರಳು ಹಾದುಹೋಗುವ ಪಟ್ಟಿಯೊಳಗೆ ಮಾತ್ರ. ಈ ಗ್ರಹಣದ ನೆರಳು ಮೆಕ್ಸಿಕೊದ ಮಜಟ್ಲಾನ್ ಕಡೆ ನೆಲ ಹತ್ತಿ, ಟೆಕ್ಸಸ್, ಅರ್ಕನ್ಸಾ, ಇಲಿನಾಯ್, ಇಂಡಿಯಾನಾ, ಒಹಾಯೊ, ನ್ಯೂಯಾರ್ಕ್ ರಾಜ್ಯದ ಮೇಲೆ ಓರೆಯಾಗಿ ಹಾದು, ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಉತ್ತರ ಭಾಗ, ಮೇನ್ ದಾಟಿ ಕೆನಡಾಕ್ಕೆ ಹೋಗುವುದಿತ್ತು. ಹಿಂದಿನ ದಿನವಷ್ಟೇ ಚಂದ್ರ ಭೂಮಿಗೆ ಹತ್ತಿರ ಬಂದಿದ್ದರಿಂದ ನೆರಳಿನ ಪಟ್ಟಿ ಅಗಲವಾಗಿತ್ತು, 100 ಮೈಲಿಗೂ ಜಾಸ್ತಿ. ಮೆಕ್ಸಿಕೊದಲ್ಲಿ ಅತಿ ಹೆಚ್ಚು ಅಂದರೆ 4 ನಿಮಿಷ 28 ಸೆಕೆಂಡ್ ಕತ್ತಲೆ, ಈಶಾನ್ಯಕ್ಕೆ ಬರುತ್ತಾ ಕಡಿಮೆಯಾಗಿ ಮೂರೂವರೆ ನಿಮಿಷದ ಹತ್ತಿರ.

ಹವಾಮಾನದ ಹಳೇ ಲೆಕ್ಕ ನೋಡಿದರೆ ಟೆಕ್ಸಸ್‌ಗೆ ಹೋಗಬೇಕಿತ್ತು. ಜೇ ಆಂಡರ್ಸನ್ ಅಂತ ಕೆನಡಾದ ಹವಾಮಾನ ತಜ್ಞರು ಪ್ರತಿ ಗ್ರಹಣಕ್ಕೂ ವರ್ಷಗಟ್ಟಲೆ ಉಪಗ್ರಹ ಚಿತ್ರಗಳನ್ನು ಒಟ್ಟುಮಾಡಿ ಎಲ್ಲಿ ಮೋಡ ಜಾಸ್ತಿ ಎಲ್ಲಿ ಕಡಿಮೆ ಅಂತ ನಕಾಶೆ ಹಾಕುತ್ತಾರೆ. ಅದರ ಪ್ರಕಾರ ಏಪ್ರಿಲ್ ತಿಂಗಳಲ್ಲಿ ದಕ್ಷಿಣದಲ್ಲಿ ಮೋಡ ಕಡಿಮೆ, ನಮ್ಮ ಈಶಾನ್ಯ ಮೂಲೆಯಲ್ಲಿ ಮೋಡವೇ ಜಾಸ್ತಿ. ತುಂಬಾ ಜನ ಇದನ್ನು ನೋಡಿ ಡಲ್ಲಾಸ್‌ಗೆ ವಿಮಾನದ ಟಿಕೆಟ್ ತೆಗೆದುಕೊಂಡರು. ನಾನೂ ಕೆಲವು ವಾರ ಆ ಕಡೆಗೇ ವಾಲಿದ್ದೆ. ತಡೆದದ್ದು ಒಂದು ಯೋಚನೆ. ಸರಾಸರಿ ಅನ್ನುವುದು ಎಷ್ಟೋ ವರ್ಷಗಳ ಏಪ್ರಿಲ್‌ಗಳದ್ದು, ನಮಗೆ ಬೇಕಾಗಿದ್ದು ಒಂದೇ ಒಂದು ಮಧ್ಯಾಹ್ನ. ವಿಮಾನದ ಟಿಕೆಟ್ ತೆಗೆದುಕೊಂಡರೆ ತಿಂಗಳುಗಳ ಮುಂಚೆಯೇ ಒಂದು ಊರಿಗೆ ಕಟ್ಟಿಹಾಕಿಕೊಂಡ ಹಾಗೆ. ಕಾರಾದರೆ ನಮ್ಮ ಕೈಯಲ್ಲಿರುತ್ತದೆ. ಬಫಲೋದಿಂದ ಮೇನ್‌ನ ಹೌಲ್ಟನ್ ತನಕ ನೆರಳಿನ ಪಟ್ಟಿಯ ಇಡೀ ಈಶಾನ್ಯ ಭಾಗ ನಮಗೆ ಒಂದು ದಿನದ ಡ್ರೈವಿಂಗ್‌ನಲ್ಲಿ ಸಿಗುತ್ತಿತ್ತು. ಅಷ್ಟು ಉದ್ದದ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಆಕಾಶ ತೆರೆದಿರುವ ಸಾಧ್ಯತೆ, ಒಂದೇ ಊರಿನಲ್ಲಿ ತೆರೆದಿರುವ ಸಾಧ್ಯತೆಗಿಂತ ಯಾವಾಗಲೂ ಜಾಸ್ತಿಯೇ ಅಲ್ವಾ.

ನ್ಯೂಜೆರ್ಸಿಯಿಂದ ಅಕ್ಕ, ಭಾವ ಅವರ ಕಾರಿನಲ್ಲಿ ಬರುತ್ತೇವೆ ಅಂದರು. ಭಾವನಿಗೆ ನಯಾಗರಾದ ಮೇಲೆ ಆಸೆ. "ಜಲಪಾತ, ಅದರ ಮೇಲೆ ಗ್ರಹಣ, ಜನ್ಮದಲ್ಲಿ ಇನ್ನೊಂದ್ಸಲ ಸಿಗುತ್ತೇನೋ?" ಅಂತ ಅವರ ವಾದ. ತೆಗೆದುಹಾಕುವ ಮಾತಲ್ಲ ಅದು. ನಾನು ಹೇಳಿದ್ದು ಇಷ್ಟು: "ಭಾವ, ಮೋಡ ಬಂದ್ರೆ ಅಲ್ಲಿಂದ ಎಲ್ಲಿಗೆ ಹೋಗ್ತೀರಿ? ಒಂದು ಕಡೆ ಈರಿ ಸರೋವರ, ಇನ್ನೊಂದು ಕಡೆ ಒಂಟಾರಿಯೊ ಸರೋವರ, ಆಚೆ ದೇಶದ ಗಡಿ. ಉಳಿಯೋದು ರಾಚೆಸ್ಟರ್ ಕಡೆಗೆ ಹೋಗೋ ಒಂದೇ ಹೈವೇ, ಅದರಲ್ಲಿ ಎಲ್ಲರೂ ಇರ್ತಾರೆ." ಭಾವ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಕೊನೇ ವಾರದ ತನಕ ನೋಡೋಣ ಅಂದರು.

ಈಗ ನಕಾಶೆಯ ವಿಷಯ. ಇದಕ್ಕೆ ನಾನು ಜಾಸ್ತಿ ಸಮಯ ಕೊಟ್ಟೆ, ಕೊಟ್ಟಿದ್ದಕ್ಕೆ ಸಾರ್ಥಕವೂ ಆಯಿತು. ಫ್ರಾನ್ಸಿನ ಕ್ಸೇವಿಯರ್ ಜುಬಿಯೆ ಅವರು ಗೂಗಲ್ ಮ್ಯಾಪ್ ಮೇಲೆ ಗ್ರಹಣದ ಪಟ್ಟಿ ಹಾಕಿಟ್ಟಿದ್ದಾರೆ. ಯಾವ ಜಾಗದ ಮೇಲೆ ಒತ್ತಿದರೂ ಗ್ರಹಣ ಶುರುವಾಗುವ ಹೊತ್ತು, ಕತ್ತಲೆ ಹಿಡಿಯುವ ಹೊತ್ತು, ಬಿಡುವ ಹೊತ್ತು, ಸೂರ್ಯ ಎಷ್ಟು ಎತ್ತರದಲ್ಲಿ ಯಾವ ದಿಕ್ಕಿಗೆ ಇರುತ್ತಾನೆ ಎಲ್ಲ ಬರುತ್ತದೆ. ಒಂದೊಂದು ಊರಿನ ಮೇಲೂ ಒತ್ತುತ್ತಾ ಹೋದಾಗ ಒಂದು ವಿಷಯ ಎದ್ದು ಕಂಡಿತು. ಎಲ್ಲರೂ ಪಟ್ಟಿಯ ನಡುಗೆರೆಗೇ ಹೋಗಬೇಕು ಅಂತ ಹಟ ಹಿಡಿಯುತ್ತಾರೆ, ಅದರ ಅಗತ್ಯವೇ ಇಲ್ಲ. ನೆರಳು ದುಂಡಗಿರುತ್ತದೆ. ಅದು ನಮ್ಮ ಮೇಲೆ ಹಾದುಹೋಗುವಾಗ ನಾವು ವೃತ್ತದ ಅಂಚಿನಲ್ಲಿದ್ದರೆ ಸೆಕೆಂಡುಗಳ ಲೆಕ್ಕ, ಸ್ವಲ್ಪ ಒಳಗೆ ಹೋದರೂ ಸಮಯ ಸರಸರ ಏರುತ್ತದೆ. ಅಂಚಿನಿಂದ ನಡುಗೆರೆಗೆ ಇರುವ ದೂರದಲ್ಲಿ ಅರ್ಧ ಒಳಗೆ ಹೋದರೆ ಸಾಕು, ನಡುಗೆರೆಯಲ್ಲಿ ಸಿಗುವ ಸಮಯದ 85 ಶೇಕಡಕ್ಕಿಂತ ಜಾಸ್ತಿ ಸಿಕ್ಕಿಬಿಡುತ್ತದೆ. ಶಾಲೆಯಲ್ಲಿ ಕಲಿತ ವೃತ್ತ ಮತ್ತು ಜ್ಯಾ ಅಷ್ಟೇ, ಮಗಳು ಅವಳ ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಅದಾದ ಮೇಲೆ ನಡುಗೆರೆಯ ಆಸೆ ಬಿಟ್ಟೆವು. ಉಳಿದ ಅರ್ಧ ದೂರಕ್ಕೆ ಕಾರು ಓಡಿಸಿದರೆ ಸಿಗುವುದು ಕೆಲವು ಸೆಕೆಂಡು, ವಾಪಸ್ ಬರುವಾಗ ಕಳೆಯುವುದು ಗಂಟೆಗಳು.

ರಾತ್ರಿ ಉಳಿಯುವ ಜಾಗ ನಮ್ಮ ಯೋಜನೆಯ ಬುಡ. ಅಕ್ಕ ಮೊದಲೇ ಬರ್ಲಿಂಗ್‌ಟನ್ ಕಡೆ ಒಂದು ರೂಮ್ ಬುಕ್ ಮಾಡಿದ್ದಳು. ಗ್ರಹಣದ ಸುದ್ದಿ ಜೋರಾದ ಮೇಲೆ ಆ ಹೋಟೆಲ್‌ನವರು ಏನೋ ಕಾರಣ ಹೇಳಿ ಅದನ್ನು ರದ್ದು ಮಾಡಿದರು, ಅದೇ ರಾತ್ರಿಯ ರೂಮುಗಳು ಆಮೇಲೆ ಎಷ್ಟೋ ಪಟ್ಟು ಜಾಸ್ತಿ ದರಕ್ಕೆ ಕಂಡವು. ಅಕ್ಕನಿಗೆ ತುಂಬಾ ಬೇಜಾರಾಯಿತು. ಆಗ ನಕಾಶೆ ಮತ್ತೆ ಹರಡಿಕೊಂಡು ಕೂತಾಗ ಕಣ್ಣಿಗೆ ಬಿದ್ದದ್ದು ವೈಟ್ ರಿವರ್ ಜಂಕ್ಷನ್. ವರ್ಮಾಂಟ್‌ನ ಪುಟ್ಟ ಊರು, ಗ್ರಹಣದ ಪಟ್ಟಿಯ ಹೊರಗಿದೆ, ಹಾಗಾಗಿ ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಆದರೆ ಐ-89, ಐ-91 ಎರಡು ಹೈವೇಗಳೂ ಒಂದನ್ನೊಂದು ದಾಟುವುದು ಅಲ್ಲೇ. ಐ-89 ಹಿಡಿದರೆ ವಾಯವ್ಯಕ್ಕೆ ಬರ್ಲಿಂಗ್‌ಟನ್. ಐ-91 ಹಿಡಿದರೆ ನೇರ ಉತ್ತರಕ್ಕೆ ಸೇಂಟ್ ಜಾನ್ಸ್‌ಬರಿ, ಬಾರ್ಟನ್, ನ್ಯೂಪೋರ್ಟ್. ಸೇಂಟ್ ಜಾನ್ಸ್‌ಬರಿಯಿಂದ ಪೂರ್ವಕ್ಕೆ ತಿರುಗಿದರೆ ನ್ಯೂ ಹ್ಯಾಂಪ್‌ಶೈರ್‌ನ ಉತ್ತರದ ಕಾಡು, ಕೋಲ್‌ಬ್ರೂಕ್ ಕಡೆ. ಒಂದೇ ಊರಿನಲ್ಲಿ ಮಲಗಿದರೆ ಬೆಳಿಗ್ಗೆ ಮೂರು ದಿಕ್ಕು. ಗ್ರಹಣದ ಹಿಂದಿನ ರಾತ್ರಿಗೂ ಗ್ರಹಣದ ರಾತ್ರಿಗೂ ರೂಮ್ ತೆಗೆದುಕೊಂಡೆವು, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದು. ಗ್ರಹಣದ ರಾತ್ರಿಯದ್ದು ಯಾಕೆ ಅಂತ ಆಮೇಲೆ ಹೇಳುತ್ತೇನೆ, ಇಡೀ ಪ್ರಯಾಣವನ್ನು ಉಳಿಸಿದ್ದು ಅದೇ.

ನಿಂತು ನೋಡುವ ಜಾಗಕ್ಕೆ ಏನೇನು ಬೇಕು ಅಂತ ಬರೆದಿಟ್ಟುಕೊಂಡೆವು. ಅವತ್ತು ಮಧ್ಯಾಹ್ನ ಸೂರ್ಯ ನೈರುತ್ಯಕ್ಕೆ, ಸುಮಾರು 40 ಡಿಗ್ರಿ ಎತ್ತರದಲ್ಲಿ. ಹಾಗಾಗಿ ಆ ಕಡೆ ಬೆಟ್ಟವಾಗಲಿ ಎತ್ತರದ ಪೈನ್ ಮರಗಳಾಗಲಿ ಅಡ್ಡ ಇರಬಾರದು. ನೆರಳೂ ನೈರುತ್ಯದಿಂದಲೇ ಬರುತ್ತದೆ, ಅದು ಬರುವುದನ್ನು ನೋಡಬೇಕಾದರೆ ಆ ದಿಕ್ಕಿಗೆ ದೂರದ ನೋಟ ಬೇಕು. ಬೀದಿದೀಪ ಹತ್ತಿರ ಇರಬಾರದು, ಕತ್ತಲೆಯಾದ ಕೂಡಲೇ ಅವು ತಾವಾಗಿ ಹತ್ತಿಕೊಳ್ಳುತ್ತವೆ. ಕಾರು ನಿಲ್ಲಿಸಲು ಕಾನೂನಿನ ಪ್ರಕಾರ ಜಾಗ ಇರಬೇಕು. ಮತ್ತೆ ಡಾಂಬರು ರಸ್ತೆ. ಇದು ವರ್ಮಾಂಟ್ ಗೊತ್ತಿಲ್ಲದವರಿಗೆ ಹೊಳೆಯುವುದಿಲ್ಲ. ಆ ರಾಜ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಡಾಂಬರಿಲ್ಲ. ಏಪ್ರಿಲ್ ಅಂದರೆ ಅಲ್ಲಿ ಮಡ್ ಸೀಸನ್. ಮೇಲಿನ ಹಿಮ ಕರಗುತ್ತದೆ, ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುತ್ತದೆ, ನೀರು ಇಂಗುವುದಿಲ್ಲ, ರಸ್ತೆ ಪೂರ್ತಿ ಕೆಸರಾಗುತ್ತದೆ. ಗೂಗಲ್ ಮ್ಯಾಪ್ ಅದನ್ನು ಚಂದದ ಅಡ್ಡದಾರಿ ಅಂತ ತೋರಿಸುತ್ತದೆ, ಹೋದರೆ ಚಕ್ರ ಹೂತುಕೊಳ್ಳುವುದು ಖಂಡಿತ. ಬೆಟ್ಟದ ತುದಿಯಿಂದ ನೋಡಬೇಕು ಅಂತ ಮಗಳಿಗೆ ಆಸೆಯಿತ್ತು. ಆ ಕಾಲದಲ್ಲಿ ಎತ್ತರದ ಕಾಲುದಾರಿಗಳಿಗೆ ಹೋಗಬೇಡಿ, ಮಣ್ಣು ಹಾಳಾಗುತ್ತದೆ ಅಂತ ರಾಜ್ಯದವರೇ ಕೇಳಿಕೊಳ್ಳುತ್ತಾರೆ. ಅವಳಿಗೆ ತಿಳಿಸಿ ಹೇಳಿದೆ, ಒಪ್ಪಿಕೊಂಡಳು.

ಮೂರು ದಿಕ್ಕಿಗೂ ಇಂಥ ಎರಡೆರಡು ಜಾಗ ಗುರುತು ಹಾಕಿಟ್ಟೆವು. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡೆವು, ಕಾಗದದ ನಕಾಶೆಯನ್ನೂ ಇಟ್ಟುಕೊಂಡೆವು. ಅಷ್ಟು ಜನ ಒಂದೇ ಕಡೆ ಸೇರಿದರೆ ಹಳ್ಳಿಯ ಮೊಬೈಲ್ ಟವರ್ ತಡೆದುಕೊಳ್ಳುವುದಿಲ್ಲ.

ಕನ್ನಡಕದ ವಿಷಯದಲ್ಲಿ ಮಾತ್ರ ದಯವಿಟ್ಟು ಯಾರೂ ಸುಮ್ನೆ ಸಿಕ್ಕಿದ್ದು ತೆಗೆದುಕೊಳ್ಳಬೇಡಿ. ಐಎಸ್‌ಒ 12312-2 ಅನ್ನುವ ಮಾನದಂಡ ಇದೆ, ಆದರೆ ಆ ಅಂಕಿಯನ್ನು ಯಾರು ಬೇಕಾದರೂ ರಟ್ಟಿನ ಮೇಲೆ ಅಚ್ಚು ಹಾಕಬಹುದು. ಅಮೆರಿಕನ್ ಆಸ್ಟ್ರೊನಾಮಿಕಲ್ ಸೊಸೈಟಿ ನಂಬಬಹುದಾದ ತಯಾರಕರ, ಮಾರುವವರ ಪಟ್ಟಿ ಕೊಡುತ್ತದೆ, ನಾವು ಅದನ್ನೇ ನೋಡಿ ತರಿಸಿದೆವು. ಬಂದ ಮೇಲೆ ಮನೆಯೊಳಗೆ ಹಾಕಿಕೊಂಡು ನೋಡಿದರೆ ಮಾಮೂಲಿ ದೀಪವೂ ಕಾಣಬಾರದು, ಹೊರಗೆ ಸೂರ್ಯನೊಬ್ಬ ಮಾತ್ರ ಕಾಣಬೇಕು. ಬೈನಾಕ್ಯುಲರ್‌ಗೆ ಫಿಲ್ಟರ್ ಹಾಕುವುದು ಮುಂದಿನ ಗಾಜಿಗೆ, ಕಣ್ಣಿನ ಕಡೆಗಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ಬರೀ ಬೈನಾಕ್ಯುಲರ್‌ನಲ್ಲಿ ನೋಡಲೇಬಾರದು, ಒಟ್ಟುಗೂಡಿದ ಬಿಸಿಲು ಆ ಕನ್ನಡಕವನ್ನು ಸುಟ್ಟು ಕಣ್ಣಿಗೆ ಬೀಳುತ್ತದೆ. ಇನ್ನು ಪೂರ್ತಿ ಮುಚ್ಚಿದ ಮೇಲೆ ಕನ್ನಡಕ ತೆಗೆಯಲೇಬೇಕು. ಹಾಕಿಕೊಂಡೇ ಕೂತರೆ ಅಷ್ಟು ದೂರ ಹೋಗಿ ಏನೂ ಕಾಣದೆ ಬರಬೇಕಾಗುತ್ತದೆ.

ಫೋಟೊ ತೆಗೆಯುವುದು ಬೇಡ ಅಂತ ನಾನೇ ಹಟ ಹಿಡಿದೆ. ಒಳ್ಳೆ ಕ್ಯಾಮೆರಾ, ಒಳ್ಳೆ ಲೆನ್ಸ್ ಇಟ್ಟುಕೊಂಡವರು ಸಾವಿರಾರು ಜನ ಇರುತ್ತಾರೆ, ಅವರ ಚಿತ್ರ ನಾಳೆ ನೋಡಬಹುದು. ನಮಗೆ ಸಿಗುವ ಸುಮಾರು ಮೂರು ನಿಮಿಷ ಕ್ಯಾಮೆರಾದ ಗುಂಡಿ ಹುಡುಕುವುದರಲ್ಲಿ ಹೋಗಬಾರದು. ಒಂದು ಫೋನನ್ನು ಸ್ಟ್ಯಾಂಡ್‌ಗೆ ಹಾಕಿ ನಮ್ಮ ಕಡೆಗೇ ತಿರುಗಿಸಿ ವಿಡಿಯೊಗೆ ಬಿಟ್ಟುಬಿಡೋಣ, ಅಷ್ಟು ಸಾಕು ಅಂದೆ.

ಕೊನೇ ವಾರ ಬಂತು. ಏಪ್ರಿಲ್ 4ರ ಸುಮಾರಿಗೆ ನ್ಯೂ ಇಂಗ್ಲೆಂಡ್ ಮೇಲೆ, ಅಂದರೆ ನಮ್ಮ ಈಶಾನ್ಯದ ರಾಜ್ಯಗಳ ಮೇಲೆ, ದೊಡ್ಡ ಹಿಮಬಿರುಗಾಳಿ. ಮೇನ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಕರೆಂಟೇ ಇಲ್ಲ, ರಸ್ತೆ ತುಂಬಾ ಹಿಮ. ಹೆಂಡತಿ ಕಿಟಕಿಯಿಂದ ನೋಡುತ್ತಾ, "ಇದರಲ್ಲಿ ನಾವು ಉತ್ತರಕ್ಕೆ ಹೋಗ್ತೀವಾ?" ಅಂದಳು. ಆದರೆ ಕಂಪ್ಯೂಟರ್ ಲೆಕ್ಕದಿಂದ ಮುನ್ಸೂಚನೆ ಕೊಡುವ ಹವಾಮಾನದ ಮಾದರಿಗಳು ಅಷ್ಟರಲ್ಲಿ ಬೇರೆ ಕಥೆ ಹೇಳಲು ಶುರು ಮಾಡಿದ್ದವು. ಅಮೆರಿಕದ ಜಿಎಫ್‌ಎಸ್, ಯುರೋಪಿನ ಮಾದರಿ ಎರಡನ್ನೂ ದಿನಾ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಎರಡೂ ಒಂದೇ ಮಾತು ಹೇಳಿದರೆ ಸ್ವಲ್ಪ ನಂಬುವುದು, ಜಗಳ ಆಡಿದರೆ ಕಾಯುವುದು. ಬಿರುಗಾಳಿ ಹೋದ ಹಿಂದೆ ಒಣ ಗಾಳಿ ಬಂದು ನ್ಯೂ ಇಂಗ್ಲೆಂಡ್‌ನ ಉತ್ತರದಲ್ಲಿ ಆಕಾಶ ತೆರೆದುಕೊಳ್ಳುತ್ತದೆ, ಟೆಕ್ಸಸ್‌ನಲ್ಲಿ ಮೋಡ ಕವಿಯುತ್ತದೆ ಅಂತ ಎರಡೂ ಹೇಳತೊಡಗಿದವು. ಎಷ್ಟೋ ವರ್ಷಗಳ ಸರಾಸರಿ ಪೂರ್ತಿ ತಲೆಕೆಳಗಾಗಿತ್ತು. ನಯಾಗರಾ, ರಾಚೆಸ್ಟರ್ ಕಡೆಗೂ ಮೋಡ ಅಂತ ಬಂದಾಗ ಭಾವ ತಾವೇ ಫೋನ್ ಮಾಡಿದರು. "ಆಯ್ತಪ್ಪ, ನಿನ್ನ ಜಂಕ್ಷನ್‌ಗೇ ಬರ್ತೀವಿ."

ಮೋಡ ಅಂದರೆ ಎಲ್ಲ ಮೋಡವೂ ಒಂದೇ ಅಲ್ಲ, ಇದನ್ನು ಆ ವಾರ ಚೆನ್ನಾಗಿ ಕಲಿತೆ. ಮುನ್ಸೂಚನೆಯಲ್ಲಿ ಬರುವ "60 ಶೇಕಡ ಮೋಡ" ಅನ್ನುವ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಕೆಳಮಟ್ಟದ ದಟ್ಟ ಮೋಡವಾದರೆ ಕೆಲಸ ಕೆಟ್ಟಿತು. ತುಂಬಾ ಎತ್ತರದ ತೆಳು ಸಿರಸ್ ಮೋಡವಾದರೆ ಅದರ ಮೂಲಕವೂ ಕರೋನಾ ಕಾಣುತ್ತದೆ. ಹಾಗಾಗಿ ಮೇಲಿನ, ನಡುವಿನ, ಕೆಳಗಿನ ಪದರ ಬೇರೆಬೇರೆಯಾಗಿ ತೋರಿಸುವ ನಕಾಶೆ ನೋಡಬೇಕು.

ಭಾನುವಾರ ಸಂಜೆ ಎರಡೂ ಕಾರು ವೈಟ್ ರಿವರ್ ಜಂಕ್ಷನ್ ಸೇರಿದವು. ಪೆಟ್ರೋಲ್ ಟ್ಯಾಂಕ್ ಅವತ್ತೇ ತುಂಬಿಸಿದೆವು. ರಾತ್ರಿ ಹೋಟೆಲಿನ ಟೇಬಲ್ ಮೇಲೆ ನಕಾಶೆ ಹರಡಿಕೊಂಡು ಎಲ್ಲರೂ ಕೂತೆವು, ಮೂರೂ ದಿಕ್ಕು ಇನ್ನೂ ತೆರೆದೇ ಇದ್ದವು. ಸೋಮವಾರ ಬೆಳಿಗ್ಗೆ ಎದ್ದು ಮೊದಲು ನೋಡಿದ್ದು ಉಪಗ್ರಹದ ಚಿತ್ರ. ಅಲ್ಪಾವಧಿಯ ಮುನ್ಸೂಚನೆಗೆ ಎಚ್‌ಆರ್‌ಆರ್‌ಆರ್ ಅಂತ ಮಾದರಿ ಇದೆ, ಗಂಟೆಗೊಮ್ಮೆ ಹೊಸದಾಗಿ ಬರುತ್ತದೆ, ಅದನ್ನೂ ನೋಡಿದೆ. ಪಶ್ಚಿಮದಿಂದ ಎತ್ತರದ ಮೋಡ ನಿಧಾನಕ್ಕೆ ಬರುತ್ತಿತ್ತು. ಬರ್ಲಿಂಗ್‌ಟನ್‌ಗೆ ಮೊದಲು ತಲುಪುತ್ತದೆ, ಪೂರ್ವಕ್ಕೆ ಹೋದಷ್ಟೂ ತಡ. ಬರ್ಲಿಂಗ್‌ಟನ್ ಅಲ್ಲಿಗೆ ಬಿಟ್ಟೆವು. ಕೋಲ್‌ಬ್ರೂಕ್ ಇನ್ನೂ ಪೂರ್ವಕ್ಕಿತ್ತು, ಆಕಾಶ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಅಲ್ಲಿಗೆ ಹೋಗುವುದೂ ಬರುವುದೂ ಒಂದೊಂದೇ ಲೇನಿನ ರಸ್ತೆ. ಮಿಕ್ಕಿದ್ದು ಐ-91. ಬಾರ್ಟನ್ ತನಕ ಸುಮಾರು 85 ಮೈಲಿ. ಅಲ್ಲಿ ಆಕಾಶ ಚೆನ್ನಾಗಿರುತ್ತದೆ, ಕತ್ತಲೆ ಸುಮಾರು ಮೂರು ನಿಮಿಷ, ಪಟ್ಟಿಯೊಳಗೆ ಅರ್ಧಕ್ಕಿಂತ ಒಳಗೆ. ಭಾವನೇ "ನಡೀರಿ" ಅಂದರು. ಎಂಟು ಗಂಟೆಗೆ ಮುಂಚೆ ಹೊರಟೆವು.

ಐ-93 ಬಂದು ಐ-91ಕ್ಕೆ ಸೇರುವುದು ಸೇಂಟ್ ಜಾನ್ಸ್‌ಬರಿಗೆ ಸ್ವಲ್ಪ ಮುಂಚೆ. ಬೋಸ್ಟನ್ ಕಡೆಯವರೆಲ್ಲ ಅಲ್ಲೇ ಸೇರುತ್ತಾರೆ, ಆ ಜಾಗವನ್ನು ಬೆಳಿಗ್ಗೆಯೇ ದಾಟಿಬಿಡಬೇಕು ಅನ್ನುವುದೇ ಬೇಗ ಹೊರಟದ್ದಕ್ಕೆ ಕಾರಣ. ಕಾರುಗಳು ಜಾಸ್ತಿ ಇದ್ದವು, ಆದರೆ ಓಡುತ್ತಿದ್ದವು. ಬಾರ್ಟನ್ ಹತ್ತಿರ ನಾವು ಗುರುತು ಹಾಕಿದ್ದ ಮೊದಲ ಜಾಗ ತುಂಬಿತ್ತು, ಎರಡನೆಯದರಲ್ಲಿ ಇನ್ನೂ ಜಾಗ ಇತ್ತು. ನೈರುತ್ಯಕ್ಕೆ ಇಳಿಜಾರಾದ ಬಯಲು, ಅದರ ಮೇಲೆ ಮೊನ್ನೆಯ ಹಿಮ ಇನ್ನೂ ಕೂತಿತ್ತು, ಆಚೆ ಬೆಟ್ಟಗಳ ಸಾಲು. ಆಕಾಶ ನೀಲಿ. ಬಿಸಿಲಿಗೆ ಜಾಕೆಟ್ ತೆಗೆಯುವಷ್ಟು ಬೆಚ್ಚಗಿತ್ತು.

ಎರಡೂಕಾಲರ ಹೊತ್ತಿಗೆ ಸೂರ್ಯನ ಬಲಗಡೆ ಕೆಳಗೆ ಮೊದಲ ಕಚ್ಚು ಕಂಡಿತು. ಅದಾದ ಮೇಲೆ ಮುಕ್ಕಾಲು ಗಂಟೆ ದೊಡ್ಡದೇನೂ ಆಗುವುದಿಲ್ಲ. ಮೂರು ಗಂಟೆ ದಾಟಿದ ಮೇಲೆ ಬೆಳಕು ಬದಲಾಯಿತು. ಸಂಜೆಯ ಬೆಳಕಾದರೆ ಕೆಂಪಾಗುತ್ತದೆ, ಇದು ಕೆಂಪಾಗಲಿಲ್ಲ, ಬಣ್ಣ ಕಳೆದುಕೊಂಡಿತು. ಹಿಮ ಬೂದಿ ಬಣ್ಣಕ್ಕೆ ತಿರುಗಿತು. ನಮ್ಮ ನೆರಳಿನ ಅಂಚು ಚೂಪಾಯಿತು, ಮಗಳ ತಲೆಗೂದಲು ಒಂದೊಂದೇ ನೆಲದ ಮೇಲೆ ಬೇರೆಬೇರೆಯಾಗಿ ಕಾಣುತ್ತಿತ್ತು. ತೆಗೆದಿಟ್ಟ ಜಾಕೆಟ್‌ಗಳನ್ನು ಎಲ್ಲರೂ ಮತ್ತೆ ಹಾಕಿಕೊಂಡರು. ಅಕ್ಕ, "ಅಲ್ಲಿ ನೋಡು, ಶುಕ್ರ" ಅಂದಳು, ಸೂರ್ಯ ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಬಲಗಡೆ ಕೆಳಗೆ ಶುಕ್ರ ಹೊಳೆಯುತ್ತಿತ್ತು. ಬೆಟ್ಟಗಳ ಹಿಂದೆ ಆಕಾಶ ಕಪ್ಪಾಗುತ್ತಾ ಬಂತು. ನೆರಳು ಗಂಟೆಗೆ 2,000 ಮೈಲಿಗೂ ಜಾಸ್ತಿ ವೇಗದಲ್ಲಿ ಬರುತ್ತದೆ ಅಂತ ಓದಿದ್ದೆ, ಅದು ನಮ್ಮ ಮೇಲೆ ಬೀಳುವುದನ್ನು ನಿಂತು ನೋಡುವುದು ಬೇರೆಯೇ. ಮೈ ಜುಮ್ಮೆಂದಿತು.

ಮೂರೂವರೆಗೆ ಸ್ವಲ್ಪ ಮುಂಚೆ ಕೊನೇ ಬೆಳಕಿನ ಎಳೆ ತುಂಡುತುಂಡಾಗಿ ಮಣಿಗಳಾಯಿತು. ಚಂದ್ರನ ಅಂಚಿನ ಕಣಿವೆಗಳ ಮೂಲಕ ಬರುವ ಬಿಸಿಲು ಅದು, ಬೈಲಿ ಮಣಿಗಳು ಅನ್ನುತ್ತಾರೆ. ಆಮೇಲೆ ಒಂದೇ ಒಂದು ಮಣಿ, ವಜ್ರದ ಉಂಗುರ, ಅದೂ ಆರಿತು. ಮಗಳು "ಕನ್ನಡಕ ತೆಗೀರಿ!" ಅಂತ ಕೂಗಿದಳು. ಆ ಕೆಲಸ ಅವಳಿಗೆ ವಹಿಸಿದ್ದೆವು.

ಏನು ಹೇಳಲಿ. ಆಕಾಶದಲ್ಲಿ ಕಪ್ಪು ತೂತು, ಅದರ ಸುತ್ತ ಬೆಳ್ಳಗೆ ಎಲ್ಲ ದಿಕ್ಕಿಗೂ ಚಾಚಿಕೊಂಡ ಎಳೆಗಳು. ಆ ವರ್ಷ ಸೂರ್ಯನ ಚಟುವಟಿಕೆ ಜೋರಿನ ಕಾಲ, ಹಾಗಾಗಿ ಕರೋನಾ ಒಂದೆರಡು ಕಡೆಗಷ್ಟೇ ಚಾಚದೆ ಸುತ್ತಲೂ ಹರಡಿತ್ತು. ಕೆಳಗಿನ ಅಂಚಿನಲ್ಲಿ ಗುಲಾಬಿ ಬಣ್ಣದ ಚುಕ್ಕೆ, ಬರಿಗಣ್ಣಿಗೆ ಕಾಣುತ್ತಿತ್ತು, ಫಿಲ್ಟರ್ ತೆಗೆದ ಬೈನಾಕ್ಯುಲರ್‌ನಲ್ಲಿ ಅದು ಜ್ವಾಲೆಯ ಕುಡಿ. ಸೂರ್ಯನಿಂದ ಎದ್ದ ಅನಿಲದ ಅಂಥ ಕುಡಿ ಭೂಮಿಗಿಂತ ದೊಡ್ಡದಿರುತ್ತದೆ. ಎಡಗಡೆ ಮೇಲೆ ಗುರು ಗ್ರಹ. ಸುತ್ತ ತಿರುಗಿದರೆ ಎಲ್ಲ ದಿಕ್ಕಿನ ಅಂಚಿನಲ್ಲೂ ಕಿತ್ತಳೆ ಬೆಳಕು, ನೆರಳಿನ ಹೊರಗಿರುವ ಊರುಗಳ ಬಿಸಿಲು ಅದು. ಬಯಲಿನಲ್ಲಿದ್ದ ಜನರೆಲ್ಲ ಕೂಗುತ್ತಿದ್ದರು, ಹೆಂಡತಿ ಅಳುತ್ತಿದ್ದಳು, ಭಾವ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ನಿಂತಿದ್ದರು. ನಾನು ಫೋಟೊ ಬೇಡ ಅಂದದ್ದು ಎಷ್ಟು ಒಳ್ಳೆಯದಾಯಿತು ಅಂದುಕೊಂಡೆ, ಅಷ್ಟು ಚಿತ್ರ ನೋಡಿದ್ದೆ, ಯಾವುದರಲ್ಲೂ ಇದು ಇರಲಿಲ್ಲ. ಚಿತ್ರದಲ್ಲಿ ಕರೋನಾ ಇರುತ್ತದೆ, ಆದರೆ ನಾವು ಅದರ ಕೆಳಗೆ ನಿಂತಿರುವುದು ಇರುವುದಿಲ್ಲ.

ಬಲ ಅಂಚಿನಲ್ಲಿ ಬೆಳಕು ಚಿಮ್ಮಿತು. ಮಗಳು "ಹಾಕ್ಕೊಳ್ಳಿ" ಅಂದಳು. ಮುಗಿಯಿತು.

ಇನ್ನು ವಾಪಸ್ ಬರುವುದು. ಹೋಗುವಾಗ ಜನ ಎರಡು ಮೂರು ದಿನಗಳಲ್ಲಿ ಹಂಚಿಕೊಂಡು ಹೋಗುತ್ತಾರೆ, ಬರುವಾಗ ಎಲ್ಲರೂ ಒಂದೇ ನಿಮಿಷಕ್ಕೆ ಕಾರು ಹತ್ತುತ್ತಾರೆ. 2017ರಲ್ಲಿ ಹೋಗಿದ್ದವರು ಇದನ್ನೇ ಹೇಳಿದ್ದರು. ಬಯಲು ಹತ್ತು ನಿಮಿಷದಲ್ಲಿ ಅರ್ಧ ಖಾಲಿಯಾಯಿತು. ನಾವು ಹೊರಡಲಿಲ್ಲ. ಪಾರ್ಶ್ವ ಗ್ರಹಣ ನಾಲ್ಕೂವರೆ ದಾಟುವ ತನಕ ಇರುತ್ತದೆ, ಅದನ್ನೂ ಕೊನೇವರೆಗೆ ನೋಡಿದೆವು, ಮಗಳು ಹಿಮದಲ್ಲಿ ಆಡಿದಳು. ಐದು ಗಂಟೆ ಮೇಲೆ ಹೊರಟರೂ ಐ-91 ಪೂರ್ತಿ ನಿಂತಿತ್ತು. ಆಗ ಕಾಗದದ ನಕಾಶೆ ಉಪಯೋಗಕ್ಕೆ ಬಂತು, ಯಾಕೆಂದರೆ ಫೋನಿನಲ್ಲಿ ಸಿಗ್ನಲ್ ಇತ್ತು, ಡೇಟಾ ಇರಲಿಲ್ಲ. ಐ-91ರ ಪಕ್ಕದಲ್ಲೇ ಹಳೇ ಹೆದ್ದಾರಿ, ಯುಎಸ್ ರೂಟ್ 5, ಊರೂರು ಹಾದು ದಕ್ಷಿಣಕ್ಕೆ ಹೋಗುತ್ತದೆ. ಅದನ್ನು ಹಿಡಿದೆವು. ಅದೂ ನಿಧಾನವೇ, ಆದರೆ ಚಲಿಸುತ್ತಿತ್ತು. ಕತ್ತಲಾದ ಎಷ್ಟೋ ಹೊತ್ತಿಗೆ ವೈಟ್ ರಿವರ್ ಜಂಕ್ಷನ್ ಸೇರಿ ಮಲಗಿದೆವು.

ಅವತ್ತೇ ಬೋಸ್ಟನ್‌ಗೆ ಹೋಗುತ್ತೇವೆ ಅಂತ ಐ-93 ಹಿಡಿದ ಗೆಳೆಯರಿದ್ದರು. ಆ ಹೈವೇ ಫ್ರಾಂಕೋನಿಯಾ ನಾಚ್ ಅನ್ನುವ ಬೆಟ್ಟದ ಸಂದಿಯಲ್ಲಿ ಹಾದುಹೋಗುವಾಗ ಆ ಕಡೆ ಒಂದು, ಈ ಕಡೆ ಒಂದು ಲೇನ್ ಮಾತ್ರ ಉಳಿಯುತ್ತದೆ. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ನ ಉತ್ತರದಿಂದ ಬಂದ ಅಷ್ಟೂ ಕಾರು ಆ ಒಂದು ಲೇನಿನಲ್ಲಿ ತೂರಬೇಕು. ಅವರು ಮನೆ ಸೇರಿದ್ದು ಬೆಳಗಿನ ಜಾವ, ಮಕ್ಕಳು ಹಿಂದಿನ ಸೀಟಿನಲ್ಲೇ ನಿದ್ದೆ ಮಾಡಿದ್ದರು. ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಇದು: ಗ್ರಹಣದ ಹಿಂದಿನ ರಾತ್ರಿಗೆ ರೂಮ್ ಸಿಗದಿದ್ದರೂ ಚಿಂತೆಯಿಲ್ಲ, ಗ್ರಹಣದ ರಾತ್ರಿಗೆ ಒಂದು ಹಾಸಿಗೆ ಇರಲಿ.

ಮಾರನೇ ದಿನ ರಸ್ತೆ ಖಾಲಿ. ಬೆಳಿಗ್ಗೆ ನಿಧಾನಕ್ಕೆ ಎದ್ದು ಐ-89 ಹಿಡಿದು ಮಧ್ಯಾಹ್ನಕ್ಕೆ ಮುಂಚೆ ಮನೆಗೆ ಬಂದೆವು, ಅಕ್ಕ-ಭಾವ ಐ-91ರಲ್ಲಿ ದಕ್ಷಿಣಕ್ಕೆ ಹೋದರು. ಕನ್ನಡಕಗಳನ್ನು ಬಿಸಾಡಬೇಡಿ. ಗೀರು, ತೂತು ಇಲ್ಲದಿದ್ದರೆ ಅವು ಮತ್ತೆ ಕೆಲಸಕ್ಕೆ ಬರುತ್ತವೆ. ಆಸ್ಟ್ರೊನಾಮರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ಸಂಸ್ಥೆ ಬಳಸಿದ ಕನ್ನಡಕಗಳನ್ನು ಒಟ್ಟುಮಾಡಿ, ಮುಂದೆ ಗ್ರಹಣ ಕಾಣುವ ಬೇರೆ ದೇಶಗಳ ಶಾಲೆಗಳಿಗೆ ಕಳಿಸುತ್ತದೆ. ನಮ್ಮ ಲೈಬ್ರರಿಯಲ್ಲೂ ಅದಕ್ಕೆ ಒಂದು ಪೆಟ್ಟಿಗೆ ಇಟ್ಟಿದ್ದರು, ಆ ವಾರವೇ ಹೋಗಿ ಹಾಕಿ ಬಂದೆವು.